ಜೈಲಿನಿಂದ ಬಂದ ಭತ್ತ

ಪ್ರಕಟಣೆ ಬರೆಯುವುದು ನನಗೆ ಚೆನ್ನಾಗಿ ಬರುತ್ತದೆ. ಜಂಬ ಅಂದುಕೊಂಡರೂ ಬೇಜಾರಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಮದ್ದೂರಿನಲ್ಲಿ, ರೈತರಿಗೆ ಬಿತ್ತನೆ ಬೀಜ ಹಂಚುವ ಕಚೇರಿಯೊಂದರಲ್ಲಿದ್ದೆ. ಹೊಸ ತಳಿ ಬಂದಾಗ ಜೀಪಿಗೆ ಮೈಕು ಕಟ್ಟಿಕೊಂಡು ಹಳ್ಳಿ ಹಳ್ಳಿಗೂ ಸಾರುವುದು ನನ್ನ ಕೆಲಸ.

ಆ ವರ್ಷ ಹೊಸ ಭತ್ತ ಬಂತು. ಹಳೆಯದು ಎದೆಯುದ್ದ ಬೆಳೆದು, ತೆನೆ ತುಂಬಿದಾಗ ಒಂದು ಜೋರು ಮಳೆ ಬಂದರೆ ಗದ್ದೆಯಲ್ಲೇ ಮಲಗಿ ಹಾಳಾಗುತ್ತಿತ್ತು. ಹೊಸದು ಗಿಡ್ಡ, ಮಲಗುತ್ತಿರಲಿಲ್ಲ. ನಾಲೆಗೆ ನೀರು ಬಿಟ್ಟಿದ್ದರು, ಸಸಿ ಮಡಿಗೆ ಬೀಜ ಚೆಲ್ಲುವ ಕಾಲ. "ಚೀಲ ವಾಪಸ್ ಬಂದರೆ ನಿಮಗೆ ಮಳವಳ್ಳಿಗೆ ವರ್ಗ" ಎಂದಿದ್ದರು ಸಾಹೇಬರು. ಮದ್ದೂರಿನಲ್ಲಿ ಆಗಷ್ಟೇ ಸಂಸಾರ ಹೂಡಿದ್ದೆ, ಹೆಂಡತಿ ಬಸುರಿ.

ಪ್ರಕಟಣೆ ಬರೆದವರೋ ಸಾಹೇಬರೇ: "ಅಧಿಕ ಇಳುವರಿಯ ಗಿಡ್ಡ ತಳಿ ಬಿಡುಗಡೆಯಾಗಿದೆ. ರೈತ ಬಾಂಧವರು ಸದುಪಯೋಗ ಪಡೆದುಕೊಳ್ಳತಕ್ಕದ್ದು."

ಬೆಸಗರಹಳ್ಳಿಯಲ್ಲಿ ಅದನ್ನೇ ಓದಿದೆ. ಜನ ಓಡೋಡಿ ಬಂದರು. ಮುಂದೆ ನಿಂತಿದ್ದ ರೈತನೊಬ್ಬ ಕೇಳಿದ: "ಯಾರ್ ಸ್ವಾಮಿ ಬುಡುಗಡೆ ಆದೋರು? ನಮ್ಮೂರ್ನೋರು ಯಾರೂ ಜೈಲ್‌ಗೋಗಿರ್ನಿಲ್ವಲ್ಲ?"

ಭತ್ತವೆಂದು ತಿಳಿದ ಮೇಲೆ, ಮನೆಯಲ್ಲಿ ಎರಡು ಜೊತೆ ಎತ್ತು ಕಟ್ಟಿದ್ದ ಅಜ್ಜಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಗಿಡ್ಡ ಅಂತೀಯಲ್ಲಪ್ಪ, ಉಲ್ಲಿಲ್ದೆ ನಮ್ಮೆತ್ತು ಏನ್ ತಿಂದಾವು? ನಿನ್ ಕಾಗ್ದವಾ?"

ಒಂದು ಚೀಲವೂ ಇಳಿಯಲಿಲ್ಲ.

ಮಾರನೆಯ ದಿನ ಸಾಹೇಬರೂ ಜೀಪು ಹತ್ತಿದರು. ಅವರ ಕಾಗದವನ್ನು ಮಡಿಸಿ ಜೇಬಿಗೆ ತುರುಕಿ, ಅದೇ ಜನರ ಮುಂದೆ ನನ್ನ ಮಾತಲ್ಲೇ ಸಾರಿದೆ:

"ಜೈಲಿಂದ ಯಾರೂ ಬಂದಿಲ್ಲ, ಬಂದಿರೋದು ಬತ್ತ! ಹುಲ್ಲು ಕಮ್ಮಿ, ಮೊದಲೇ ಹೇಳಿಬಿಟ್ಟಿದೀನಿ. ಅನ್ನ ದಪ್ಪ, ಅದನ್ನೂ ಹೇಳಿಬಿಟ್ಟಿದೀನಿ. ಆದರೆ ಎಂಥಾ ಮಳೆ ಬಂದ್ರೂ ಪೈರು ಮಲಗಲ್ಲ. ಎತ್ತಿಗೊಂದು ಗದ್ದೆ ಹಳೇದು ಹಾಕಿ, ಮನೆಗೊಂದು ಗದ್ದೆ ಹೊಸದು ಹಾಕಿ!"

"ಬೀಜದ ಹುಳುಕು ಹೇಳೋಕೆ ಸಂಬಳ ಕೊಡ್ತೀವೇನ್ರೀ?" ಎಂದು ಸಾಹೇಬರು ಹಿಂದಿನಿಂದ ನನ್ನ ಅಂಗಿ ಜಗ್ಗಿದರು. ನಾನು ಮೈಕು ಕೆಳಗಿಡಲಿಲ್ಲ, ಮತ್ತೊಮ್ಮೆ ಮೊದಲಿನಿಂದ ಸಾರಿದೆ.

ಜನ ನಕ್ಕರು. ಅಜ್ಜಿ ನಗಲಿಲ್ಲ. ಜೀಪಿನ ಹತ್ತಿರ ಬಂದು ಮುಷ್ಟಿ ತುಂಬ ಬೀಜ ತೆಗೆದು ನೋಡಿದಳು. "ನೆನ್ನೆ ಬರೀ ಒಳ್ಳೇದ್ನೇ ಯೋಳ್ದೆ, ಸುಳ್ಳು ಅಂದ್ಕಂಡೊ. ಇವತ್ತು ಕೆಟ್ಟದ್ನೂವೆ ಯೋಳ್ದೆ" ಎಂದವಳೇ ಮಗನ ಕಡೆ ತಿರುಗಿದಳು. "ಇಳಿಸ್ಲಾ ಒಂದ್ ಚೀಲವ."

ಅವಳು ತೆಗೆದುಕೊಂಡಳೆಂದು ಉಳಿದವರೂ ಮುಂದೆ ಬಂದರು. ಖಾಲಿ ಜೀಪಿನಲ್ಲಿ ವಾಪಸ್ಸಾದೆವು. ಮದ್ದೂರು ಬಂದಾಗ ಸಾಹೇಬರು "ಪ್ರಕಟಣೇಲಿ ಆ ಜೈಲಿನ ಸಾಲು ಇರಲಿ ಬಿಡಿ" ಎಂದರು.

ಮಗಳು ಮದ್ದೂರಿನಲ್ಲೇ ಹುಟ್ಟಿದಳು, ಸುಗ್ಗಿಯ ಹೊತ್ತಿಗೆ. ಸುದ್ದಿ ತಿಳಿದು ಅಜ್ಜಿಯ ಮಗ ಬಸ್ಸಿನಲ್ಲಿ ಒಂದು ಮೂಟೆ ಹೊಸ ಅಕ್ಕಿ ಹೊತ್ತು ತಂದ. ಜೊತೆಗೆ ಅಜ್ಜಿ ಹೇಳಿಕಳಿಸಿದ ಮಾತು:

"ಅನ್ನ ದಪ್ಪ ಕಣಪ್ಪ. ಮೊದ್ಲೇ ಯೋಳ್ಬುಟ್ಟಿವ್ನಿ."