ಕಾಣದ ಗಾಜಿಗೆ ಚುಕ್ಕೆ ಇಟ್ಟವರು

ನಮ್ಮ ಅಮ್ಮನ ತಮ್ಮ ಗಾಜು ಕೂರಿಸುವ ಕೆಲಸದವರು. ಮನೆಮಂದಿಗೆಲ್ಲ ಅವರು ಗಾಜಿನ ಮಾವ. ಕಿಟಕಿ, ಬಾಗಿಲು, ಅಂಗಡಿಗಳ ಮುಂಭಾಗ ಎಂದು ಮೂವತ್ತು ವರ್ಷದಲ್ಲಿ ಊರಿನ ಅರ್ಧ ಗಾಜು ಅವರ ಕೈಯಿಂದಲೇ ಹಾದುಹೋಗಿದೆ. ಅಂಗೈಯಲ್ಲಿ ಹಳೆಯ ಗಾಯದ ಗೆರೆಗಳು ಎಷ್ಟಿವೆಯೆಂದರೆ, ಕೈ ನೋಡಿ ಭವಿಷ್ಯ ಹೇಳುವವರೂ ತಬ್ಬಿಬ್ಬಾದಾರು ಎಂದು ಅತ್ತೆ ನಗುವುದುಂಟು.

ಗಾಜು ಇದೆಯೋ ಇಲ್ಲವೋ ನೋಡಿದವರಿಗೆ ಗೊತ್ತಾಗಬಾರದು, ಅದೇ ಮಾವನ ಹೆಮ್ಮೆ. ಗ್ರಂಥಾಲಯಕ್ಕೆ ಹೊಸ ಕಟ್ಟಡವಾದಾಗ ಪಾರ್ಕಿನ ಕಡೆಯ ಗೋಡೆಯನ್ನು ಪೂರ್ತಿ ಗಾಜಿನಲ್ಲೇ ಮಾಡಿದರು. ಎರಡಾಳೆತ್ತರದ ಹದಿನಾಲ್ಕು ಗಾಜುಗಳನ್ನು ನಿಲ್ಲಿಸಿದ್ದು ಮಾವನ ತಂಡ. ನೆಂಟರು ಯಾರೇ ಬರಲಿ, ಮಾವ ಅಲ್ಲಿಗೆ ಕರೆದೊಯ್ದು, ಗಾಜಿನಲ್ಲಿ ಕಾಣುವ ಮರ, ಮೋಡಗಳನ್ನೆಲ್ಲ ತಾವೇ ಮಾಡಿಸಿದ್ದೇನೋ ಎಂಬಂತೆ ತೋರಿಸುತ್ತಿದ್ದರು.

ಎರಡು ವರ್ಷದ ನಂತರ, ಒಂದು ಗಾಜಿನ ಅಂಚಿನಿಂದ ನೀರು ಜಿನುಗುತ್ತಿದೆ ಎಂದು ಕರೆ ಬಂತು. ಮಾವ ಬೆಳಗ್ಗೆ ಏಳಕ್ಕೇ ಹೋಗಿ ಅಂಚಿಗೆ ತುಂಬಿದ್ದ ಹಳೆಯ ಸಿಲಿಕೋನ್ ಅಂಟನ್ನು ಬ್ಲೇಡಿನಿಂದ ಕೆರೆಯುತ್ತಿದ್ದರು. ಆಗ ವಯಸ್ಸಾದ ಹೆಂಗಸೊಬ್ಬರು ಗೋಡೆಯ ಬುಡದಲ್ಲಿ ಬಗ್ಗಿ ಬಗ್ಗಿ ಹುಡುಕುತ್ತ ಬಂದರು. ಕೈಯಲ್ಲಿ ಕಾಗದದ ಚೀಲ, ಕೊರಳಲ್ಲಿ ದಾರಕ್ಕೆ ಕಟ್ಟಿದ ಪೆನ್ನು. ಏನಾದರೂ ಕಳೆದುಹೋಯಿತೇ ಎಂದು ಮಾವ ಕೇಳಿದಾಗ ಆಕೆ ಚೀಲ ಬಿಡಿಸಿ ತೋರಿಸಿದರು. ಒಳಗೆ ಹೆಬ್ಬೆರಳಿನಷ್ಟು ಪುಟ್ಟ ಹಸಿರು ಹಕ್ಕಿ, ಕುತ್ತಿಗೆ ಮುರಿದು ಸತ್ತಿತ್ತು.

ಆಕೆ ನಿವೃತ್ತ ಟೀಚರ್. ತಮ್ಮಂಥ ಆರೇಳು ಜನರನ್ನು ಕಟ್ಟಿಕೊಂಡು, ದಿನಾ ಬೆಳಗ್ಗೆ ದೊಡ್ಡ ಕಟ್ಟಡಗಳ ಸುತ್ತ ಬಿದ್ದ ಹಕ್ಕಿಗಳನ್ನು ಆರಿಸಿ, ಯಾವುದು, ಎಲ್ಲಿ ಎಂದು ಬರೆದಿಡುತ್ತಿದ್ದರು. ಗಾಜಿನಲ್ಲಿ ಕಾಣುವ ಮರವನ್ನು ನಿಜವೆಂದು ನಂಬಿ ಹಕ್ಕಿಗಳು ಬಂದು ಬಡಿಯುತ್ತವೆ, ಈ ಗೋಡೆಯೊಂದರಲ್ಲೇ ವರ್ಷಕ್ಕೆ ಅರವತ್ತರ ಮೇಲೆ ಎಂದರು. ಮಾವನಿಗೆ ಮೈ ಉರಿಯಿತು. ಬೆಕ್ಕುಗಳೂ ಹಕ್ಕಿ ಹಿಡಿಯುತ್ತವಲ್ಲ ಎಂದು ಗೊಣಗಿ ಏಣಿ ಹತ್ತಿದರು.

ಹತ್ತು ನಿಮಿಷವೂ ಆಗಿರಲಿಲ್ಲ, ತಲೆಯ ಮೇಲುಗಡೆ ಗಾಜಿಗೆ ಧಪ್ಪೆಂದು ಬಡಿದ ಸದ್ದಾಯಿತು. ಕಂದು ಹಕ್ಕಿಯೊಂದು ಏಣಿಯ ಬುಡಕ್ಕೆ ಬಿತ್ತು. ಕೊಕ್ಕು ತೆರೆದಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಮಾವ ದಡಬಡ ಇಳಿದು ಟೀಚರನ್ನು ಕೂಗಿ ಕರೆದರು. ಕತ್ತಲಲ್ಲಿ ಸುಮ್ಮನೆ ಬಿಟ್ಟರೆ ಕೆಲವು ಚೇತರಿಸಿಕೊಳ್ಳುತ್ತವೆ ಎಂದು ಆಕೆ ಹೇಳಿದ್ದೇ ತಡ, ಸಿಲಿಕೋನ್ ಟ್ಯೂಬುಗಳ ರಟ್ಟಿನ ಪೆಟ್ಟಿಗೆ ಖಾಲಿ ಮಾಡಿ ಗಾಳಿಗೆ ತೂತು ಕೊರೆದರು. ಹಕ್ಕಿಯನ್ನು ಅದರೊಳಗಿಟ್ಟು, ಇಬ್ಬರೂ ಪಕ್ಕದ ಮೆಟ್ಟಿಲ ಮೇಲೆ ಒಂದು ಗಂಟೆ ಕೂತರು. ಗಾಜಿನ ಹೊರಮೈಗೆ ಒತ್ತೊತ್ತಾಗಿ ಚುಕ್ಕೆ ಅಂಟಿಸಿದರೆ ಹಕ್ಕಿಗೆ ಅಡ್ಡವಿರುವುದು ತಿಳಿಯುತ್ತದಂತೆ. ತಾವು ಕಾಗದದ ಚುಕ್ಕೆ ಅಂಟಿಸಿ ನೋಡಿದ್ದನ್ನೂ, ಒಂದೇ ಮಳೆಗೆ ಅವು ತೊಳೆದುಹೋದದ್ದನ್ನೂ ಟೀಚರ್ ಹೇಳಿದರು.

ಆಗ ಮಾವ ಬಾಯಿಬಿಟ್ಟರು. "ಈ ಗಾಜು ಹಾಕಿದ್ದು ನಾನೇ, ಟೀಚರ್."

ಬೈಗುಳಕ್ಕೆ ಕಾದು ಕೂತವರಿಗೆ ಸಿಕ್ಕ ಉತ್ತರ ಬೇರೆ. "ಹಾಗಾದ್ರೆ ಇಷ್ಟು ದಿನ ನಾನು ಹುಡುಕ್ತಿದ್ದದ್ದು ನಿಮ್ಮನ್ನೇ. ಬರೆಯೋರು ನಮ್ಮಲ್ಲಿ ಬೇಕಾದಷ್ಟು ಜನ ಇದಾರೆ. ಗಾಜು ಗೊತ್ತಿರೋರು ಒಬ್ಬರೂ ಇಲ್ಲ."

ಪೆಟ್ಟಿಗೆಯೊಳಗೆ ಪರಪರ ಸದ್ದಾಯಿತು. ಮರಗಳ ಕಡೆ ತಿರುಗಿಸಿ ಮುಚ್ಚಳ ತೆಗೆದಾಗ ಹಕ್ಕಿ ಅಂಚಿನ ಮೇಲೆ ಒಂದು ಕ್ಷಣ ಕೂತು ಹಾರಿಹೋಯಿತು.

ಮಧ್ಯಾಹ್ನ ಊಟಕ್ಕೆ ಬಂದವರು ಅತ್ತೆಗೆ ಎಲ್ಲ ಹೇಳಿ, ಭಾನುವಾರಗಳಲ್ಲಿ ಆ ಜನರ ಜೊತೆ ಸೇರಿಕೊಳ್ಳುತ್ತೇನೆ ಎಂದರು. ಅತ್ತೆ ಬಡಿಸುವುದನ್ನು ನಿಲ್ಲಿಸಿದರು. "ಒಂದು ಬೆರಳಚ್ಚು ಬಿದ್ರೆ ಮನೆ ತಲೆ ಮೇಲೆ ಮಾಡ್ಕೊಳ್ಳೋ ಮನುಷ್ಯ ನೀವು. ಗಾಜಿಗೆ ಚುಕ್ಕೆ ಇಡ್ತೀರಾ? ನಾನೂ ಬರ್ತೀನಿ, ಇದನ್ನ ನೋಡ್ಲೇಬೇಕು."

ಗ್ರಂಥಾಲಯದ ಮೇಲ್ವಿಚಾರಕರು ಮೊದಲು ಸುತರಾಂ ಒಪ್ಪಲಿಲ್ಲ. ಅಷ್ಟು ಚೆಂದದ ಗೋಡೆ ಹಾಳಾಗುತ್ತದೆ ಎಂದರು. ಹಾಳಾದರೆ ನಾನೇ ಕೆರೆದು ತೆಗೆಯುತ್ತೇನೆ ಎಂದು ಮಾತುಕೊಟ್ಟು, ಮಾವ ಒಂದೇ ಒಂದು ಗಾಜನ್ನು ಕೇಳಿ ಪಡೆದರು. ದಾರ ಎಳೆದು, ಮೂರು ಬೆರಳಗಲಕ್ಕೊಂದರಂತೆ ಬಿಳಿ ಚುಕ್ಕೆ ಅಂಟಿಸಿದರು. ಹದಿನೈದೇ ದಿನಕ್ಕೆ ಬಿಸಿಲಿಗೆ ಅವು ಮುದುಡಿ ಉದುರಿದವು. ತಮ್ಮನ್ನೇ ಬೈದುಕೊಂಡು, ವಾಹನಗಳಿಗೆ ಅಂಟಿಸುವ ಗಟ್ಟಿ ಸ್ಟಿಕ್ಕರ್ ಹಾಳೆ ತಂದು, ಗಾಜನ್ನು ಸೋಪುನೀರಿನಲ್ಲಿ ಒರೆಸಿ, ಮೊದಲಿನಿಂದ ಶುರುಮಾಡಿದರು. ಮೂರು ತಿಂಗಳಲ್ಲಿ ಆ ಗಾಜಿಗೆ ಒಂದು ಹಕ್ಕಿಯೂ ಬಡಿಯಲಿಲ್ಲ. ಅಕ್ಕಪಕ್ಕದವುಗಳಿಗೆ ಒಂಬತ್ತು. ಟೀಚರ್ ಹಕ್ಕಿಗಳ ಲೆಕ್ಕ ಬರೆದಿಟ್ಟ ಪುಸ್ತಕ ತೋರಿಸಿದ ಮೇಲೆ ಮೇಲ್ವಿಚಾರಕರು ಉಳಿದ ಹದಿಮೂರನ್ನೂ ಬಿಟ್ಟುಕೊಟ್ಟರು. ಏಳು ಭಾನುವಾರ ಹಿಡಿಯಿತು. ಏಣಿ ಹಿಡಿದದ್ದು ಅತ್ತೆ. ಸಾಲು ಒಂದು ಕೂದಲೆಳೆ ಸೊಟ್ಟಗಾದರೂ ಕೆಳಗಿನಿಂದಲೇ ಹೇಳುತ್ತಿದ್ದರು.

ಮರುವರ್ಷ ಇಡೀ ಗೋಡೆಗೆ ಬಡಿದದ್ದು ಐದು ಹಕ್ಕಿ. ಆ ಐದಕ್ಕೆ ಚುಕ್ಕೆ ಯಾಕೆ ಕಾಣದೆ ಹೋಯಿತು ಎಂದು ಮಾವ ಇನ್ನೂ ತಲೆಕೆಡಿಸಿಕೊಳ್ಳುತ್ತಾರೆ. ಆದರೆ ಆ ಬೆಳಗಿನ ಮಾತು ಬಂದಾಗಲೆಲ್ಲ ಅವರ ದನಿ ಮೆತ್ತಗಾಗುತ್ತದೆ. "ಟೀಚರ್ ಬೈದಿದ್ರೆ ನಾನೂ ನಾಲ್ಕು ಬೈದು ಮನೆಗೆ ಬರ್ತಿದ್ದೆ. ಕೆಲಸ ಇದೆ ಬನ್ನಿ ಅಂದ್ರು. ಅಷ್ಟು ದೊಡ್ಡ ಮನಸ್ಸು ನನಗಿರ್ತಿತ್ತೋ ಇಲ್ವೋ."

ಈಚೆಗೆ ಟೀಚರಿಗೆ ಮಂಡಿ ಆಪರೇಷನ್ ಆಗಿದೆ. ಅವರ ಬೆಳಗಿನ ಸುತ್ತು ಈಗ ಮಾವನದು. ಕೆಲಸಕ್ಕೆ ಹೋಗುವ ಮೊದಲು ಕಟ್ಟಡಗಳನ್ನು ಸುತ್ತಿ, ಪುಸ್ತಕ ತುಂಬಿ, ಟೀಚರ್ ಮನೆಗೆ ಒಯ್ಯುತ್ತಾರೆ. ಆಕೆ ಹಾಸಿಗೆಯಲ್ಲಿ ಒರಗಿಕೊಂಡೇ ಹಕ್ಕಿಗಳ ಹೆಸರಿನ ಕಾಗುಣಿತ ತಪ್ಪುಗಳನ್ನು ಕೆಂಪು ಪೆನ್ನಿನಿಂದ ತಿದ್ದುತ್ತಾರೆ. ಐವತ್ತೆರಡರ ಮಾವ ಸ್ಟೂಲಿನ ಮೇಲೆ ಕೈಕಟ್ಟಿ ಕೂತು, ತಿದ್ದುವವರೆಗೂ ಕಾಯುತ್ತಾರೆ.