ಹಂಪಮ್ಮನ ಐನೂರ ಹದಿನಾರು

ಡಬ್ಬ್, ಡಬ್ಬ್, ಡಬ್ಬ್. ಹಿಂದೂಪುರದ ಹುಣಸೆಹಣ್ಣಿನ ಶೆಡ್ಡಿನಲ್ಲಿ ಬೆಳಗ್ಗೆ ಏಳಕ್ಕೆ ಶುರುವಾಗಿ ಹೊತ್ತು ಇಳಿಯುವವರೆಗೂ ನಿಲ್ಲದ ಸದ್ದು ಅದು. ನಲವತ್ತು ಹೆಂಗಸರು, ನಲವತ್ತು ಕಲ್ಲು, ನಲವತ್ತು ಕೊಡತಿ. ಓಡು ಬಿಡಿಸಿದ ಹಣ್ಣನ್ನು ಕಲ್ಲಿನ ಮೇಲಿಟ್ಟು ಒಂದು ಏಟು ಹಾಕಿದರೆ ಹಣ್ಣು ಬಾಯಿ ಬಿಡುತ್ತದೆ, ಬೀಜ ಪಟಕ್ಕನೆ ಹೊರಗೆ ಹಾರುತ್ತದೆ. ಏಟು ಹಗುರಾದರೆ ಬೀಜ ಬಿಡದು. ಬಿರುಸಾದರೆ ಹಣ್ಣು ಜಜ್ಜಿಹೋಗಿ ಮಂಡಿಯವರು ಕೂಲಿಯಲ್ಲಿ ಹಿಡಿಯುತ್ತಾರೆ. ಹದಿನಾಲ್ಕು ವರ್ಷದಲ್ಲಿ ಹಂಪಮ್ಮನ ಏಟು ಹದ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಚಿಲಮತ್ತೂರಿನ ಕಡೆಯ ಹುಡುಗಿ ಅವಳು. ಐದನೇ ಕ್ಲಾಸಿಗೆ ಸ್ಲೇಟು ಬಿಟ್ಟು, ಹತ್ತೊಂಬತ್ತಕ್ಕೆ ಓಬುಳೇಶನ ಕೈ ಹಿಡಿದು ಹಿಂದೂಪುರಕ್ಕೆ ಬಂದವಳು. ಓಬುಳೇಶ ಮಗ್ಗದ ಕೂಲಿ. ಕರೆಂಟು ಇದ್ದರೆ ಕೂಲಿ, ಹೋದರೆ ಬೀಡಿ. ಕೈ ಎತ್ತಿದವನಲ್ಲ, ಕುಡಿದು ಬಿದ್ದವನಲ್ಲ. ಅವನಿಗಿದ್ದ ಚಟ ಒಂದೇ: ನಾಲ್ಕು ಜನರ ಮುಂದೆ ತಲೆ ತಗ್ಗಬಾರದು. ಆ ಚಟ ಸಾರಾಯಿಗಿಂತ ದುಬಾರಿ ಎಂದು ಹಂಪಮ್ಮನಿಗೆ ಗೊತ್ತಾದದ್ದು 2008ರ ಯುಗಾದಿ ಕಳೆದ ಮೇಲೆ.

ಬಡವರ ಬಿಳಿ ರೇಷನ್ ಕಾರ್ಡಿನವರಿಗೆ ಎರಡು ರೂಪಾಯಿಗೆ ಕೆಜಿ ಅಕ್ಕಿ ಎಂದು ಆಂಧ್ರದ ಸರ್ಕಾರ ಸಾರಿದ ತಿಂಗಳು ಅದು. ಓಣಿಯ ಹೆಂಗಸರೆಲ್ಲ ಚೀಲ ಹಿಡಿದು ರೇಷನ್ ಅಂಗಡಿಗೆ ಹೊರಟರು. ಹಂಪಮ್ಮ ಮಾತ್ರ ಬಾಗಿಲಲ್ಲೇ ನಿಂತಿದ್ದಳು. ಅವಳ ಕಾರ್ಡು ಎರಡು ವರ್ಷದಿಂದ ಬಡ್ಡಿ ಕದಿರಣ್ಣನ ಟ್ರಂಕಿನಲ್ಲಿತ್ತು. ಓಬುಳೇಶ ಅದನ್ನು ಅಡವಿಟ್ಟು ಎರಡು ಸಾವಿರ ತಂದಿದ್ದ. ಬಡ್ಡಿಗೆ ಬದಲು ಕಾರ್ಡಿನ ಅಕ್ಕಿ, ಸೀಮೆಎಣ್ಣೆಯನ್ನು ಕದಿರಣ್ಣನೇ ಎತ್ತಿಕೊಳ್ಳುತ್ತಿದ್ದ. ಇವರು ಅಂಗಡಿಯಲ್ಲಿ ಹದಿನೆಂಟು ರೂಪಾಯಿಗೆ ಕೊಂಡು ಉಣ್ಣುತ್ತಿದ್ದರು.

ಅವತ್ತೇ ಅವಳು ಕದಿರಣ್ಣನ ಜಗಲಿಗೆ ಹೋದಳು. "ಅಣ್ಣಾ, ಕಾರ್ಡು ಕೊಟ್ಬುಡು. ಬಡ್ಡಿ ಬೇಕಾದ್ರೆ ದುಡ್ಡಲ್ಲೇ ಕಟ್ತೀನಿ."

ಕದಿರಣ್ಣ ಹಲ್ಲಿಗೆ ಕಡ್ಡಿ ಹಾಕುತ್ತಾ ನಕ್ಕ. "ಎಲ್ಡು ವರ್ಷ ಕೇಳ್ದೋಳಲ್ಲ. ಅಕ್ಕಿ ಎಲ್ಡು ರೂಪಾಯಿ ಆದ ತಕ್ಷಣ ಕಾರ್ಡಿನ್ ಮ್ಯಾಲೆ ಪ್ರೀತಿ ಬಂದ್ಬುಡ್ತಾ?"

"ಪ್ರೀತಿ ಬಂದಿರೋದು ನಿಂಗೆ ಕಣಣ್ಣ. ನಂಗೆ ಬಂದಿರೋದು ಹೊಟ್ಟೆ ಉರಿ."

"ಉರಿ ಆರ್ಸ್ಕೊಂಡು ಎಲ್ಡು ಸಾವಿರ ಒಟ್ಟಿಗೆ ತತ್ತಾ. ಚಿಲ್ರೆ ಚಿಲ್ರೆ ನಂಗೆ ಬ್ಯಾಡ."

ಮನೆಗೆ ಬಂದವಳು ಸೆರಗಿನಲ್ಲಿ ಕಟ್ಟಿ ತಂದಿದ್ದ ಹುಣಸೆಬೀಜವನ್ನು ನೆಲಕ್ಕೆ ಸುರಿದಳು. ನೂರು ರೂಪಾಯಿಗೆ ಒಂದು ಬೀಜ, ಒಂದೊಂದು ಸಾಲಕ್ಕೆ ಒಂದೊಂದು ಗುಡ್ಡೆ. ಐದು ಗುಡ್ಡೆಯಾಯಿತು. ಒಂಬತ್ತನೇ ಕ್ಲಾಸಿನ ಮಗಳು ಕೃಷ್ಣವೇಣಿಯನ್ನು ಕೂರಿಸಿಕೊಂಡು, ಯಾವ ಗುಡ್ಡೆ ಯಾವತ್ತು ಹುಟ್ಟಿತು ಎಂದು ಇಬ್ಬರೂ ನೆನಪು ಮಾಡಿಕೊಂಡರು. ಒಂದು, ಮಗನಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದಾಗಿನದು. ಮಿಕ್ಕ ನಾಲ್ಕೂ ಹುಟ್ಟಿದ್ದು ಯಾರದೋ ಮದುವೆ ಚಪ್ಪರದಲ್ಲಿ. ಕಾರ್ಡು ಅಡವಿಗೆ ಹೋದದ್ದೂ ರೊದ್ದಂನಲ್ಲಿ ಓಬುಳೇಶನ ಅಣ್ಣ ಸುಬ್ಬರಾಯಪ್ಪನ ಮಗನ ಮದುವೆಗೆ, ಮುಯ್ಯಿ ಓದಿಸಲಿಕ್ಕೆ.

ಆ ಸೀಮೆಯ ಮದುವೆಗಳಲ್ಲಿ ಊಟಕ್ಕಿಂತ ಮೊದಲು ಮುಯ್ಯಿ ಓದುತ್ತಾರೆ. ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಹೆಸರು ಹಿಡಿದು ಕೂಗುತ್ತಾರೆ, ಪಟ್ಟಿ ಪುಸ್ತಕದಲ್ಲಿ ಬರೆದಿಡುತ್ತಾರೆ. ನಾಳೆ ಅವರ ಮನೆಯಲ್ಲಿ ಕಾರ್ಯವಾದಾಗ ಅದಕ್ಕಿಂತ ಹೆಚ್ಚಿಗೆ ತಿರುಗಿಸಬೇಕು. ಬಂದಷ್ಟೇ ತಿರುಗಿಸಿದರೆ ನಂಟು ಮುಗಿಯಿತು ಎಂದು ಅರ್ಥ. ಹೀಗೆ ನೂರು ಇನ್ನೂರಾಗಿ, ಇನ್ನೂರು ಐನೂರಾಗಿ, ಕೊಟ್ಟವರೂ ಸಾಲಗಾರರು, ಈಸಿಕೊಂಡವರೂ ಸಾಲಗಾರರು.

"ಅಮ್ಮಾ, ನಾವು ಊಟಕ್ಕೆ ಅಂತ ಸಾಲ ಮಾಡೇ ಇಲ್ಲ ಕಣಮ್ಮ," ಎಂದಳು ಕೃಷ್ಣವೇಣಿ, ಬೀಜ ನೋಡುತ್ತಾ.

ಅಂದಿನಿಂದ ಹಂಪಮ್ಮ ಮನೆಖರ್ಚಿಗೆ ಕತ್ತರಿ ಹಿಡಿದಳು. ಮೊದಲು ಹೋದದ್ದು ಕೇಬಲ್ಲು. ತಂತಿ ಬಿಚ್ಚಲು ಏಣಿ ಹತ್ತಿದವನು, "ಏನಕ್ಕಾ, ಅಣ್ಣಂಗೆ ಮಗ್ಗ ಬಿಟ್ಟೋಯ್ತಾ?" ಎಂದು ಓಣಿಗೆಲ್ಲ ಕೇಳುವಂತೆ ಕೇಳಿದ. "ಇಲ್ಲಪ್ಪ, ಸೀರಿಯಲ್‌ನಾಗಿರೋ ಅತ್ತೆ ಸೊಸೆ ಜಗಳ ತೀರೋಯ್ತು, ಅದ್ಕೆ," ಎಂದಳು ಇವಳು. ಸಂಜೆಯ ಟೀ ನಿಂತಿತು. ಓಬುಳೇಶನ ಬೀಡಿ ಕಟ್ಟು ದಿನಕ್ಕೆ ಎರಡಿದ್ದದ್ದು ಒಂದಾಯಿತು. ಅದಕ್ಕೆ ಮಾತ್ರ ವಾರವಿಡೀ ಜಗಳವಾಯಿತು. ಗ್ಯಾಸನ್ನು ಬೆಳಗಿನ ಅಡಿಗೆಗೆ ಮಾತ್ರ ಹಚ್ಚಿ, ರಾತ್ರಿಗೆ ಶೆಡ್ಡಿನಿಂದ ತಂದ ಹುಣಸೆ ಓಡನ್ನು ಒಲೆಗೆ ಹಾಕಿದಳು. ಓಡಿನ ಹೊಗೆ ಕಣ್ಣಿಗೆ ಖಾರ. ಆದರೂ ಆ ಹೊಗೆಯಲ್ಲಿ ಕೂತು ಮುದ್ದೆ ತಿರುವುವಾಗ ಅವಳಿಗೆ ಏನೋ ಗೆದ್ದ ಹಾಗಿರುತ್ತಿತ್ತು. ಗುಡ್ಡೆಯಿಂದ ಒಂದು ಬೀಜ ತೆಗೆದ ದಿನ ಅದನ್ನು ಹುರಿದು ಮಗನ ಕೈಗೆ ಕೊಡುತ್ತಿದ್ದಳು. ಅವನು ಕಟುಂ ಕಟುಂ ಎಂದು ಸಾಲ ಅಗಿಯುತ್ತಿದ್ದ.

ಶ್ರಾವಣ ಬರುವ ಹೊತ್ತಿಗೆ ಎರಡು ಸಾವಿರ ಕೂಡಿತು. ಅದೇ ವಾರ ಕಲ್ಯಾಣದುರ್ಗದಿಂದ ಲಗ್ನಪತ್ರಿಕೆ ಬಂತು. ಓಬುಳೇಶನ ಅಕ್ಕ ಶಿವಲಕ್ಷ್ಮಮ್ಮನ ಮಗಳು ಶ್ರೀವಾಣಿಯ ಮದುವೆ.

ಓಬುಳೇಶ ಪಟ್ಟಿ ತೆಗೆದ. ಕೃಷ್ಣವೇಣಿ ಮೈನೆರೆದ ಶಾಸ್ತ್ರಕ್ಕೆ ಅಕ್ಕ ಓದಿಸಿದ್ದು ಐನೂರ ಹದಿನಾರು. "ನಾನು ಸ್ವಾದರಮಾವ. ಎಲ್ಡು ಸಾವಿರದ ನೂರ ಹದಿನಾರಾದ್ರೂ ಓದ್ಸ್ದಿದ್ರೆ ಮಕ ಎಲ್ಲಿಡ್ಲಿ?"

"ಕುತ್ಗೆ ಮ್ಯಾಲೆ ಇಡು. ಅಲ್ಲೇ ಐತಲ್ಲ ಇಷ್ಟು ದಿನ."

"ನಗ್ಬ್ಯಾಡ ಕಣೇ. ಕಾರ್ಡು ಇನ್ನೊಂದ್ ವರ್ಷ ಅಲ್ಲೇ ಬಿದ್ದಿದ್ರೆ ಏನ್ ಕೊಳ್ತೋಯ್ತದಾ?"

"ಕೊಳೆಯೋದು ಕಾರ್ಡಲ್ಲ ಕಣಯ್ಯ, ನಾವು." ಅವಳು ದನಿ ಎತ್ತಲಿಲ್ಲ. "ಅತ್ತಿಗೆ ಕೊಟ್ಟಿದ್ದು ಐನೂರ ಹದಿನಾರು. ಅಷ್ಟು ಕೊಡ್ತೀನಿ. ಮೂರು ದಿನ ಮುಂಚೆ ಹೋಗಿ ಸೊಂಟ ಬಗ್ಗಿಸಿ ಕೆಲ್ಸ ಮಾಡ್ತೀನಿ. ಅದ್ರ ಮ್ಯಾಲೆ ಒಂದು ಪೈಸೆ ಸಾಲ ಮಾಡಾಕಿಲ್ಲ."

ಹೊರಡುವ ದಿನ ಬೆಳಗ್ಗೆ ಅವಳು ಸ್ಕೂಲಿದ್ದ ಮಕ್ಕಳನ್ನು ಪಕ್ಕದ ಮನೆಗೆ ಒಪ್ಪಿಸಿ, ಕದಿರಣ್ಣನ ಜಗಲಿಯಲ್ಲಿ ಎರಡು ಸಾವಿರ ಎಣಿಸಿ, ಕಾರ್ಡು ಬಿಡಿಸಿಕೊಂಡಳು. "ಮತ್ತೆ ಬತ್ತೀಯ ಬಿಡು," ಎಂದ ಅವನು. "ದಾರಿ ನೋಡ್ತಿರು," ಎಂದಳು.

ಕಲ್ಯಾಣದುರ್ಗದಲ್ಲಿ ಮೂರು ದಿನ ಅವಳು ಕೂತದ್ದೇ ಕಡಿಮೆ. ಅಕ್ಕಿ ಆರಿಸಿದಳು, ಕಾಯಿ ತುರಿದಳು, ಮದುಮಗಳಿಗೆ ಅರಿಶಿನ ಅರೆದು ಹಚ್ಚಿದಳು. ಶ್ರೀವಾಣಿ, "ಅತ್ತೇ, ನಿನ್ ಕೈ ಹುಣ್ಸೆಣ್ಣಿನ ವಾಸ್ನೆ," ಎಂದು ಮೂಗು ಹಿಡಿದು, ಆಮೇಲೆ ಅದೇ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಆಗ ಒಂದು ಕ್ಷಣ ಹಂಪಮ್ಮನ ಮನಸ್ಸು ಹೊಯ್ದಾಡಿತು. ಕೊಡಬಹುದಿತ್ತೇನೋ. ಈ ಮಗುವಿಗಲ್ಲದೆ ಇನ್ಯಾರಿಗೆ? ಮರುಕ್ಷಣ ಅವಳಿಗೆ ಹೊಳೆಯಿತು, ಆ ದುಡ್ಡು ಹೋಗುವುದು ಮಗುವಿಗಲ್ಲ, ಮೈಕಿಗೆ.

ತಾಳಿ ಕಟ್ಟಿದ ಮೇಲೆ ಮುಯ್ಯಿ ಶುರುವಾಯಿತು. ಓದಲು ಕೂತವನು ಊರಿನ ಬಟ್ಟೆ ಅಂಗಡಿಯ ಮುತ್ಯಾಲಪ್ಪ. ಅವನ ಗಂಟಲು ಆ ಕಡೆಯ ಮದುವೆಗಳಲ್ಲಿ ಹೆಸರುವಾಸಿ. ಮೊದಲು ದೊಡ್ಡ ಸೋದರಮಾವ ಸುಬ್ಬರಾಯಪ್ಪನದು, ಐದು ಸಾವಿರದ ನೂರ ಹದಿನಾರು. ಚಪ್ಪರದಲ್ಲಿ ಮೆಚ್ಚುಗೆಯ ಗುಜುಗುಜು. ಹಂಪಮ್ಮ ತಾನು ತಂದಿದ್ದ ಐನೂರ ಹದಿನಾರನ್ನು ಗಂಡನ ಕೈಗೆ ಕೊಟ್ಟು, ಹೆಂಗಸರ ನಡುವೆ ಕೂತಿದ್ದಳು. ಓಬುಳೇಶ ಹೋಗಿ ತಟ್ಟೆಯಲ್ಲಿಟ್ಟು, ಮುತ್ಯಾಲಪ್ಪನ ಕಿವಿಯಲ್ಲಿ ಏನೋ ಹೇಳಿ, ತಲೆ ಎತ್ತದೆ ಹಿಂದಕ್ಕೆ ಬಂದ.

"ಪೆಳ್ಳಿಕೂತುರು ಮೇನಮಾಮ, ಹಿಂದೂಪುರಂ ಓಬುಳೇಶ್ ಗಾರು," ಎಂದು ಮೈಕು ತೆಲುಗಿನಲ್ಲಿ ಮೊಳಗಿತು, "ಅಕ್ಷರಾಲಾ ರೆಂಡು ವೇಲ ನೂಟ ಪದಹಾರ್ಲು!"

ಮದುಮಗಳ ಸೋದರಮಾವ, ಎರಡು ಸಾವಿರದ ನೂರ ಹದಿನಾರು. ಹಂಪಮ್ಮ ಗಂಡನ ಕಡೆ ನೋಡಿದಳು. ಅವನು ಚಪ್ಪಲಿಯ ಉಂಗುಷ್ಠ ಸರಿ ಮಾಡಿಕೊಳ್ಳುತ್ತಿದ್ದ. ಪಕ್ಕದಲ್ಲಿ ಸುಬ್ಬರಾಯಪ್ಪ ಮೀಸೆಯಡಿಯಲ್ಲಿ ನಗುತ್ತಾ ತಮ್ಮನ ಬೆನ್ನು ತಟ್ಟುತ್ತಿದ್ದ. ಅವಳಿಗೆ ಎಲ್ಲವೂ ತಿಳಿಯಿತು. ಮಿಕ್ಕ ಸಾವಿರದ ಆರುನೂರು ಭಾವನ ಜೇಬಿನದು. ಊರಿಗೆ ಹೋದ ಮೇಲೆ ಅದನ್ನು ತೀರಿಸಬೇಕು. ತೀರಿಸಲು ಮನೆಯಲ್ಲಿ ಇರುವುದು ಒಂದೇ ವಸ್ತು, ಮೂರು ದಿನದ ಹಿಂದೆ ಬಿಡಿಸಿ ತಂದದ್ದು.

ಅವಳು ಎದ್ದಳು. ಹೆಂಗಸರು ಕಾಲು ಮಡಚಿ ದಾರಿ ಬಿಟ್ಟರು. ಸೀದಾ ಮೇಜಿನ ಹತ್ತಿರ ಹೋಗಿ ನಿಂತಳು.

"ಮುತ್ಯಾಲಪ್ಪಣ್ಣ, ತಪ್ಪು ಓದ್ಬುಟ್ಟೆ. ಐನೂರ ಹದಿನಾರು ಅಂತ ಓದು."

ಅವನು ಮೈಕಿಗೆ ಕೈ ಅಡ್ಡ ಹಿಡಿದ. "ತಟ್ಟೆನಾಗೆ ಎಲ್ಡು ಸಾವಿರದ ನೂರ ಹದಿನಾರು ಐತೆ ಕಣಮ್ಮ. ನನ್ ಕಣ್ಣು ಇನ್ನೂ ಹೋಗಿಲ್ಲ."

"ನನ್ನದು ಐನೂರ ಹದಿನಾರು. ಮಿಕ್ಕಿದ್ದು ನಮ್ಮದಲ್ಲ." ಅವಳು ತಟ್ಟೆಯಿಂದ ಮಿಕ್ಕ ನೋಟು ಎಣಿಸಿ ತೆಗೆದಳು. ಮುತ್ಯಾಲಪ್ಪನ ಕೈ ಮೈಕಿನಿಂದ ಜಾರಿತ್ತೋ ಏನೋ, ಎಣಿಸುವ ಸದ್ದು ಚಪ್ಪರದ ತುದಿಯವರೆಗೂ ಕೇಳಿತು.

ಶಿವಲಕ್ಷ್ಮಮ್ಮ ಸೆರಗು ಕಟ್ಟಿಕೊಂಡು ಬಂದಳು. ಮುಖ ಕೆಂಪೇರಿತ್ತು. "ಏನೇ ಹಂಪಿ, ನನ್ ಮಗಳ ಲಗ್ನದಾಗೆ ನಂಟು ಹರ್ಕೊಳ್ಳಾಕೆ ಬಂದ್ಯಾ? ಕೊಟ್ಟಷ್ಟೇ ತಿರುಗ್ಸಿ ಕೊಟ್ಟು, ಚುಕ್ತಾ ಮಾಡ್ಕೊಂಡು ಹೋಯ್ತೀಯಾ?"

"ನಂಟು ಹರಿಯೋದಾಗಿದ್ರೆ ಮೂರು ದಿನದಿಂದ ನಿಮ್ಮ ಒಲೆ ಮುಂದೆ ಯಾಕೆ ಬೇಯ್ತಿದ್ದೆ ಅತ್ತಿಗೆ? ಸಾಲದಾಗೆ ಬಂದ ದುಡ್ಡು ಓದ್ಸಿ, ನಾಳೆ ನಿನ್ ಮ್ಯಾಲೆ ಮನಸ್ನಾಗೆ ಕತ್ತಿ ಮಸೀತಾ ಕೂರೋದು ನಂಟಾ?"

"ಈ ಮುಯ್ಯಿ ನಂಬ್ಕೊಂಡೇ ಅಡಿಗೆಯೋನಿಗೆ, ಶಾಮಿಯಾನದೋನಿಗೆ ಮಾತು ಕೊಟ್ಟಿದೀನಿ ಕಣೇ," ಎಂದಳು ಶಿವಲಕ್ಷ್ಮಮ್ಮ. ದನಿ ಈಗ ತಗ್ಗಿತ್ತು. ಸಿಟ್ಟಿನ ಒಳಗಿಂದ ಭಯ ಇಣುಕಿತು.

ಹಂಪಮ್ಮ ಅವಳ ಮುಖ ನೋಡಿದಳು. ಅತ್ತಿಗೆಯ ಮನೆಯಲ್ಲೂ ಗುಡ್ಡೆಗಳಿವೆ, ಅವನ್ನು ಯಾರೂ ಎಣಿಸಿಲ್ಲ ಅಷ್ಟೇ. ಆದರೂ ಅವಳು ಹಿಂದೆ ಸರಿಯಲಿಲ್ಲ. ಮೇಜಿನ ಮೇಲಿದ್ದ ಮೈಕಿನ ಕಡೆಗೆ ಬಗ್ಗಿದಳು. ಇಂಥ ವಸ್ತುವಿನೆದುರು ಜನ್ಮದಲ್ಲಿ ಮಾತಾಡಿದವಳಲ್ಲ. ಮೊದಲ ಮಾತು ಕೊಂಚ ಕಿರುಚಿತು.

"ಎಲ್ರೂ ಕೇಳಿ. ನಮ್ಮ ಪಟ್ಟಿನಾಗೆ ಇಪ್ಪತ್ತೊಂದು ಮನೆಯೋರು ನಮ್ಗೆ ಮುಯ್ಯಿ ತಿರುಗ್ಸೋದೈತೆ. ಯಾರೂ ಕೊಡ್ಬ್ಯಾಡಿ. ಅಳಿಸಾಕ್ತೀನಿ. ನನ್ ಮಗಳು ಕೃಷ್ಣವೇಣಿ ಲಗ್ನ ಯಾವಾಗಾದ್ರೂ ಆಗ್ಲಿ, ಅಲ್ಲಿ ಮೈಕು ಇರಾಕಿಲ್ಲ. ಬನ್ನಿ, ಅಕ್ಷತೆ ಹಾಕಿ, ಉಂಡು ಹೋಗಿ."

ಚಪ್ಪರದಲ್ಲಿ ಹಿಂದಿನಿಂದ ಯಾರೋ ಗಂಡಸು, "ಅಂಗಾದ್ರೆ ನಂಗೆ ಸಾವಿರ ರೂಪಾಯಿ ಉಳೀತು! ನೂರು ವರ್ಷ ಬದುಕಮ್ಮ!" ಎಂದ. ನಗೆ ಎದ್ದಿತು. ಒಬ್ಬ ಮುದುಕಿ, "ಮಾನಗೆಟ್ಟೋಳು," ಎಂದು ಮುಖ ತಿರುಗಿಸಿದಳು. ಅವಳ ಪಕ್ಕದ ಹೆಂಗಸು ನಗಲಿಲ್ಲ, ಬೈಯಲಿಲ್ಲ, ಬೆರಳು ಮಡಚಿ ಮಡಚಿ ಏನೋ ಲೆಕ್ಕ ಹಾಕುತ್ತಿದ್ದಳು.

ಮುತ್ಯಾಲಪ್ಪ ಗಂಟಲು ಸರಿ ಮಾಡಿಕೊಂಡು ಓದಿದ. ಈ ಸಲ ಐನೂರ ಹದಿನಾರು.

ಸುಬ್ಬರಾಯಪ್ಪ ಅವಳನ್ನು ಚಪ್ಪರದ ಕಂಬದ ಪಕ್ಕಕ್ಕೆ ಕರೆದ. ಓಬುಳೇಶ ಹಿಂದೆ ಬಂದು ನಿಂತ. ಅವನ ಮುಖ ನೋಡಿದರೆ ಹಂಪಮ್ಮನಿಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು. ಅವಳು ಸಾವಿರದ ಆರುನೂರನ್ನು ಭಾವನ ಮುಂದೆ ಹಿಡಿದಳು. ಅವನು ಕೈ ಚಾಚಲಿಲ್ಲ.

"ನೋಡಮ್ಮ, ಆಗಿದ್ದು ಆಗೋಯ್ತು," ಎಂದ ಅವನು, ದೊಡ್ಡವರ ದನಿಯಲ್ಲಿ. "ನಿನ್ ಮಾತ್ನ ನಗ್ತಾ ತೇಲಿಸ್ಬುಡೋಣ. ಈಗ್ಲೂ ಕಾಲ ಮಿಂಚಿಲ್ಲ. ದುಡ್ಡು ನನ್ದೇ, ಬಡ್ಡಿ ಕೇಳಾಕಿಲ್ಲ. ದೀಪಾವಳಿಗೆ ಅರ್ಧ ಕೊಡು, ಸಂಕ್ರಾಂತಿಗೆ ಅರ್ಧ ಕೊಡು."

"ಬ್ಯಾಡ ಭಾವ."

"ಪೂರ್ತಿ ಕೇಳು. ಮನೆತನದ ಮರ್ಯಾದೆ ಅಂತ ಒಂದೈತೆ."

"ನಮ್ಮ ಮನೆಗೆ ಅಕ್ಕಿ ಅಂತ ಒಂದೈತೆ. ನಾಳೆ ಈ ತಿಂಗಳ ರೇಷನ್ನಿಗೆ ಕಡೇ ದಿನ. ಮಧ್ಯಾಹ್ನದ ಬಸ್ಸು ಹಿಡೀದಿದ್ರೆ ಪೆನುಕೊಂಡದಾಗೆ ಹಿಂದೂಪುರದ ಬಸ್ಸು ತಪ್ತದೆ."

"ಹದಿನಾರು ಕೆಜಿ ಅಕ್ಕಿಗೆ ಲಗ್ನದ ಊಟ ಬಿಟ್ಟು ಹೋಯ್ತೀಯಾ?" ಸುಬ್ಬರಾಯಪ್ಪ ತಮ್ಮನ ಕಡೆ ತಿರುಗಿದ. "ಓಬುಳೇಶಾ, ಹೇಳೋ ನೀನಾದ್ರೂ!"

ಓಬುಳೇಶ ಬಾಯಿ ತೆರೆದ. ಅಣ್ಣನನ್ನು ನೋಡಿದ, ಹೆಂಡತಿಯನ್ನು ನೋಡಿದ. "ಮಗ್ಗ... ನಂದೂ ನಾಳೆ ಪಾಳಿ ಐತೆ ಕಣಣ್ಣ," ಎಂದ, ಯಾರಿಗೂ ಕೇಳಬಾರದು ಎನ್ನುವ ಹಾಗೆ.

ಹಂಪಮ್ಮ ನೋಟುಗಳನ್ನು ಸುಬ್ಬರಾಯಪ್ಪನ ಅಂಗಿಯ ಜೇಬಿಗೆ ತುರುಕಿದಳು.

"ಆಯ್ತು, ದೀಪಾವಳಿ ಬ್ಯಾಡ," ಸುಬ್ಬರಾಯಪ್ಪ ಬೆರಳು ಎತ್ತಿ ಎಣಿಸತೊಡಗಿದ. "ತಿಂಗಳಿಗೆ ನೂರು ನೂರರಂಗೆ ಕೊಡು, ಹದ್ನಾರು ತಿಂಗಳು, ಯಾರಿಗೂ ಗೊತ್ತಾಗಾಕಿಲ್ಲ, ಇಲ್ಲಾಂದ್ರೆ ಒಂದು ಕೆಲ್ಸ ಮಾಡಣ, ನಿಮ್ ಹುಡುಗಿ ಲಗ್ನಕ್ಕೆ ನಾನು ಕೊಡೋದ್ರಾಗೆ ಮುರ್ಕೊಂಡು..."

ಹಂಪಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿಗಳ ರಾಶಿಯಲ್ಲಿ ತನ್ನದನ್ನು ಕಾಲಲ್ಲೇ ಹುಡುಕಿ ಮೆಟ್ಟಿಕೊಂಡು, ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಿದ್ದಳು.