ಹುಣಸೂರಿನಲ್ಲಿ ಹಳೇ ಕಂಪ್ಯೂಟರಿನ ಧಾರಣೆ

ತರಕಾರಿ ತರಲು ಹೋಗಿ ಹಳೇ ಕಂಪ್ಯೂಟರ್ ಹೊತ್ತು ಬರುವ ಚಟ ನನಗಿದೆ. ಪಿರಿಯಾಪಟ್ಟಣದಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ಅಂಟಿದ್ದು. "ದೇವರ ಮನೆ ಒಂದು ಬುಟ್ಟು ಎಲ್ಲಾ ಕಡೆ ಜೋಡ್ಸಿದ್ದಾಯ್ತಲ್ರೀ" ಎನ್ನುತ್ತಾಳೆ ಹೆಂಡತಿ.

ಹುಣಸೂರಿನ ಗುಜರಿ ಅಂಗಡಿಯ ನಿಂಗರಾಜು ಮೊದಮೊದಲು ಅವನ್ನು ತೂಕಕ್ಕೆ ಕೊಡುತ್ತಿದ್ದ. ಆಮೇಲೆ ತಕ್ಕಡಿ ಮೂಲೆ ಸೇರಿತು. ನನ್ನ ಮುಖ ನೋಡಿ ದರ ಹೇಳತೊಡಗಿದ. ನಮ್ಮ ಸೀಮೆಯಲ್ಲಿ ಹೊಗೆಸೊಪ್ಪಿಗೆ ಹಳದಿ ಬಂದಷ್ಟೂ ಬೆಲೆ. ಕಂಪ್ಯೂಟರಿನ ಬಿಳಿ ಡಬ್ಬ ಹಳದಿಯಾದರೆ ಬೆಲೆ ಇಳಿಯಬೇಕು. ನಾನು ಈ ಸೂಕ್ಷ್ಮ ವಿವರಿಸಿದರೆ ಅವನು, "ಹಳೇದು ಅನ್ನೋಕೆ ಅದೇ ಗುರ್ತು ಕಣ್ ಸಾ" ಎಂದು ಇನ್ನೂರು ಏರಿಸುತ್ತಿದ್ದ.

ಒಮ್ಮೆ ಪರದೆಯೂ ಡಬ್ಬವೂ ಒಂದೇ ಆಗಿದ್ದ ಯಂತ್ರವೊಂದನ್ನು ಹಟ ಹಿಡಿದು ಕೊಂಡು ತಂದೆ. ಅಂಗಡಿಯಲ್ಲೇ ಬೇರೆಯಾಗಿ ಉಳಿದಿದ್ದ ಅದರ ಕೀಬೋರ್ಡಿಗೆ ಮಾತ್ರ ಪೈಪೋಟಿ.

"ಇನ್ನೊಬ್ರು ಕೇಳವ್ರೆ ಸಾ. ಡಬ್ಬಲ್ ಕೊಡ್ತೀನಿ ಅಂದವ್ರೆ."

ನಾನು ಏರಿಸಿದೆ, ಆ ಇನ್ನೊಬ್ಬರೂ ಏರಿಸಿದರು. ಕೊನೆಗೆ ಸೋತೆ. ಯಾರೆಂದು ಪೀಡಿಸಿದಾಗ ನಿಂಗರಾಜು ಬಾಯಿಬಿಟ್ಟ: ಹಂಪಾಪುರದ ಸರೋಜಮ್ಮ. ಹಿಂದೆ ಎಚ್.ಡಿ. ಕೋಟೆಯಲ್ಲಿ ಹೆಣ್ಣುಮಕ್ಕಳಿಗೆ ಟೈಪಿಂಗ್, ಕಂಪ್ಯೂಟರ್ ಹೇಳಿಕೊಡುತ್ತಿದ್ದವರು.

ಹೇಗಾದರೂ ಆ ಕೀಬೋರ್ಡನ್ನು ಕೊಂಡೇ ಬರುವ ಹಟದಿಂದ ಬಸ್ ಹತ್ತಿ ಹೋದೆ. ಸರೋಜಮ್ಮ ಕಾಫಿ ಕೊಟ್ಟು, ಕೀಬೋರ್ಡನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಕೀಲಿಗಳ ಸಂದಿಯಲ್ಲಿ ಒಣಗಿದ ಕುಂಕುಮ ಕಂಡಿತು.

"ಆಯುಧಪೂಜೇಲಿ ನಾನೇ ಇಟ್ಟಿದ್ದು ಮೇಷ್ಟ್ರೇ. ಬೆರಳು ಗಂಟು ಕಟ್ಕೊಂಡು ಟೈಪ್ ಮಾಡಕ್ಕಾಗದೆ ಇನ್‌ಸ್ಟಿಟ್ಯೂಟ್ ಮುಚ್ಚಿದೆ. ಅವತ್ತು ಇದ ನೋಡಕ್ಕೂ ಮನಸ್ಸಿರ್ನಿಲ್ಲ, ಮಿಷಿನ್ ಸಮೇತ ಗುಜರಿಗೆ ಕೊಟ್ಬುಟ್ಟೆ. ಈಗ ಹುಡುಕಿದ್ರೆ, ಮಿಷಿನ್ ಯಾರೋ ಒಬ್ರು ಹಟ ಹಿಡಿದು ಹೊಡ್ಕೊಂಡೋದ್ರಂತೆ."

ಆ ಯಾರೋ ಒಬ್ಬರು ಕಾಫಿ ಕುಡಿಯುತ್ತಿದ್ದರು. ಕೊಳ್ಳುವ ಮಾತೆತ್ತದೆ ಲೋಟ ಕೆಳಗಿಟ್ಟು ಎದ್ದೆ. ನಿಜ ಹೇಳಿಬಿಡುತ್ತೇನೆ, ವಾಪಸು ಬರುವಾಗ ಬಸ್ಸಿನಲ್ಲಿ ಅವರ ಮೇಲೆ ಸಿಟ್ಟೇ ಬಂದಿತ್ತು, ಕುಂಕುಮ ತೋರಿಸಬಾರದಿತ್ತು.

ಮುಂದಿನ ಭಾನುವಾರ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿ ಒಯ್ದೆ. ಜೋಡಿಸಿ ಗುಂಡಿ ಒತ್ತಿದರೆ ಪರದೆ ಗೊರಗುಟ್ಟಿ ಹಸಿರಾಯಿತು. ಸರೋಜಮ್ಮ ಗಂಟುಬೆರಳನ್ನು ಸೆರಗಿಗೆ ಒರೆಸಿ ಕೀಲಿಗಳ ಮೇಲಿಟ್ಟರು. ಬಹಳ ನಿಧಾನಕ್ಕೆ, ಒಂದೊಂದಾಗಿ ಹೆಸರುಗಳು ಮೂಡಿದವು: ಮಂಜುಳ, ಶಾಹಿದಾ, ಕೆಂಪಮ್ಮಣ್ಣಿ. ಮೊದಲ ವರ್ಷ ಕಲಿತವರಂತೆ. ಹನ್ನೊಂದನೆಯ ಹೆಸರು ನೆನಪಾಗದೆ ಅವರು ಕಣ್ಣು ಮುಚ್ಚಿ ಕೂತರು. ಕೊನೆಗೂ ನೆನಪಾಯಿತು.

ಯಂತ್ರ ಅಲ್ಲೇ ಉಳಿಯಿತು.

ತಿಂಗಳೆರಡು ಕಳೆದು ಹುಣಸೂರಿಗೆ ಹೋದಾಗ ನಿಂಗರಾಜು ನೊಂದುಕೊಂಡ. "ಯಾಕೋ ಹಳೇ ಕಂಪ್ಯೂಟರ್‌ಗೆ ಮಾರ್ಕೆಟ್ಟೇ ಬಿದ್ದೋಯ್ತು ಸಾ. ಕೇಳೋರೇ ಇಲ್ಲ."

"ಇದ್ದೋರು ಇಬ್ರೇ ಕಣಪ್ಪ," ಎಂದೆ. "ಅವರಿಗೆ ಪರಿಚಯವಾಗಿಬಿಟ್ಟಿದೆ."